ಎರಡನೇ ವಾರದಲ್ಲಿ ಮರಿಗಳ ಕಾಲ್ಬೆರಳು ಒಳಗೆ ಮಡಚಿಕೊಳ್ಳುತ್ತಿವೆ: ಇದು ವಿಟಮಿನ್ ಕೊರತೆಯೇ?

ಪ್ರಶ್ನೆ: ಶಿರಾ ಕಡೆಯ ಕೃಷಿಕ

ಎಲ್ಲರಿಗೂ ನಮಸ್ಕಾರ. ತೋಟದ ಮನೆಯಲ್ಲಿ ಗಿರಿರಾಜ ಮತ್ತು ನಾಟಿ ಕೋಳಿಗಳನ್ನು ಸಾಕುತ್ತಿದ್ದೇವೆ. ನಮ್ಮ ಕೋಳಿಗಳ ಮೊಟ್ಟೆಯನ್ನೇ ಚಿಕ್ಕ ಇನ್‌ಕ್ಯುಬೇಟರ್‌ನಲ್ಲಿ ಇಟ್ಟು ಮರಿ ಮಾಡಿಸಿದ್ದು, ಈ ತಂಡದಲ್ಲಿ ಸುಮಾರು 150 ಮರಿಗಳಿವೆ. ಮೊದಲ ವಾರ ಎಲ್ಲವೂ ಚುರುಕಾಗಿಯೇ ಇದ್ದವು. ಎರಡನೇ ವಾರ ನಡೆಯುತ್ತಿರುವಾಗ ಕೆಲವು ಮರಿಗಳು ನಿಲ್ಲಲಾರದೆ ಕುಳಿತುಬಿಡತೊಡಗಿದವು. ಕೈಗೆತ್ತಿಕೊಂಡು ನೋಡಿದರೆ ಎರಡೂ ಕಾಲಿನ ಬೆರಳುಗಳು ಮುಷ್ಟಿ ಹಿಡಿದಂತೆ ಒಳಕ್ಕೆ ಮಡಚಿಕೊಂಡಿರುತ್ತವೆ. ಕೆಳಗೆ ಬಿಟ್ಟರೆ ಹಿಂಗಾಲಿನ ಗೆಣ್ಣನ್ನೇ ನೆಲಕ್ಕೂರಿ, ರೆಕ್ಕೆಯ ಆಸರೆ ಪಡೆದು ತೆವಳುತ್ತವೆ. ಕಣ್ಣು ಸ್ವಚ್ಛವಾಗಿದೆ, ಉಸಿರಾಟದಲ್ಲಿ ಗೊರಗೊರ ಸದ್ದಿಲ್ಲ, ಆಹಾರವನ್ನು ಮುಂದಿಟ್ಟರೆ ಹಸಿವಿನಿಂದಲೇ ತಿನ್ನುತ್ತವೆ.

ಕಂಪನಿಯ ಆಹಾರ ದುಬಾರಿಯಾದ್ದರಿಂದ ಮೊದಲ ದಿನದಿಂದಲೂ ಮನೆಯಲ್ಲೇ ಬೆರೆಸಿದ ಆಹಾರ ಕೊಡುತ್ತಿದ್ದೇವೆ. ನೂರು ಕೆ.ಜಿ.ಯಲ್ಲಿ 60 ಕೆ.ಜಿ. ಮೆಕ್ಕೆಜೋಳ, 30 ಕೆ.ಜಿ. ಸೋಯಾ ಹಿಂಡಿ, ಉಳಿದದ್ದು ಅಕ್ಕಿ ನುಚ್ಚು. ಇದರ ಮೇಲೆ ಹಸುಗಳಿಗೆ ತಂದಿರುವ ಖನಿಜ ಮಿಶ್ರಣ ಹಾಗೂ ಸ್ವಲ್ಪ ಉಪ್ಪು. ತಾಯಿಕೋಳಿಗಳಿಗೂ ಹೆಚ್ಚುಕಡಿಮೆ ಇದೇ ಆಹಾರ. ಮುಂಗುಸಿ ಮತ್ತು ಬೀದಿನಾಯಿಗಳ ಕಾಟ ವಿಪರೀತವಾದ ಮೇಲೆ ಅವನ್ನು ಕೆಲವು ತಿಂಗಳಿಂದ ಹೊರಗೆ ಬಿಡದೆ ಜಾಲರಿಯೊಳಗೇ ಇಟ್ಟಿದ್ದೇವೆ. ಈ ಸಲ ಒಡೆಯದೆ ಉಳಿದ ಮೊಟ್ಟೆಗಳೂ ಸಾಕಷ್ಟಿದ್ದವು.

ಇದು ಮಾರೆಕ್ಸ್ ಕಾಯಿಲೆ, ಉಳಿಯುವುದಿಲ್ಲ ಎಂದು ಪಕ್ಕದ ತೋಟದವರು ಹೇಳುತ್ತಾರೆ. ಅಂಗಡಿಯವರು ಎಲ್ಲ ವಿಟಮಿನ್‌ಗಳೂ ಇರುವ ಟಾನಿಕ್ ಕೊಟ್ಟು, ದಿನವೂ ನೀರಿಗೆ ಹಾಕಿ ಎಂದಿದ್ದಾರೆ. ಇದು ನಿಜವಾಗಿ ವಿಟಮಿನ್ ಕೊರತೆಯೇ? ಆಗಿದ್ದರೆ ಯಾವುದರ ಕೊರತೆ, ಎಷ್ಟು ಕೊಡಬೇಕು, ಎಲ್ಲಿಯವರೆಗೆ ಕೊಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಪಶುವೈದ್ಯ, ಮೈಸೂರು

ನೀವು ಲಕ್ಷಣಗಳನ್ನು ಬಿಡಿಸಿ ಬರೆದಿರುವುದರಿಂದ ಉತ್ತರ ಹೇಳುವುದು ಸುಲಭವಾಗಿದೆ. ವಯಸ್ಸು, ಬೆರಳು ಮಡಚಿಕೊಂಡಿರುವ ರೀತಿ, ಕೆಡದಿರುವ ಹಸಿವು, ಆಹಾರದ ಮಿಶ್ರಣ ಇವೆಲ್ಲವೂ ವಿಟಮಿನ್ ಬಿ2, ಅಂದರೆ ರೈಬೋಫ್ಲೇವಿನ್‌ನ ಕೊರತೆಯನ್ನೇ ತೋರಿಸುತ್ತವೆ. ಈ ಕೊರತೆಯಲ್ಲಿ ಕಾಲಿಗೆ ಹೋಗುವ ಸಯಾಟಿಕ್ ನರ ಊದಿಕೊಂಡು ಮೆತ್ತಗಾಗುತ್ತದೆ. ಸತ್ತ ಮರಿಯ ತೊಡೆಯನ್ನು ಬಿಡಿಸಿ ನೋಡಿದರೆ ಅದು ಸಹಜ ಗಾತ್ರದ ಹಲವು ಪಟ್ಟು ದಪ್ಪಗಿರುವುದು ಬರಿಗಣ್ಣಿಗೇ ಕಾಣುತ್ತದೆ.

ಮಾರೆಕ್ಸ್ ಎಂದು ಹೆದರುವ ಕಾರಣ ಈಗ ಇಲ್ಲ. ಆ ಕಾಯಿಲೆಯ ಪಾರ್ಶ್ವವಾಯು ಎರಡನೇ ವಾರದ ಮರಿಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಸಾಮಾನ್ಯವಾಗಿ ಒಂದು, ಒಂದೂವರೆ ತಿಂಗಳು ಕಳೆದ ಮೇಲೆಯೇ ಬರುತ್ತದೆ. ಆಗಲೂ ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿಕೊಂಡಿರುತ್ತದೆಯೇ ಹೊರತು ಎರಡೂ ಪಾದಗಳ ಬೆರಳು ಹೀಗೆ ಸಮನಾಗಿ ಮಡಚಿಕೊಳ್ಳುವುದಿಲ್ಲ. ಆದರೂ ಒಂದು ಮಾತನ್ನು ಹೇಳಲೇಬೇಕು. ಹ್ಯಾಚರಿಯಿಂದ ತಂದ ಮರಿಗಳಿಗೆ ಮೊದಲ ದಿನವೇ ಮಾರೆಕ್ಸ್ ಲಸಿಕೆ ಆಗಿರುತ್ತದೆ. ಮನೆಯಲ್ಲೇ ಮಾಡಿಸಿದ ಮರಿಗಳಿಗೆ ಆ ರಕ್ಷಣೆ ಇರುವುದಿಲ್ಲ. ಮುಂದಿನ ತಂಡಕ್ಕೆ ಈ ಬಗ್ಗೆ ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಮುಂಚಿತವಾಗಿಯೇ ವಿಚಾರಿಸಿ.

ಇದೇ ವಯಸ್ಸಿನಲ್ಲಿ ಮರಿಗಳನ್ನು ನೆಲಕ್ಕೆ ಕೆಡಹುವ ಬೇರೆ ತೊಂದರೆಗಳೂ ಇವೆ. ಅವನ್ನು ಬೇರ್ಪಡಿಸಿ ನೋಡದಿದ್ದರೆ ಎಲ್ಲದಕ್ಕೂ ಒಂದೇ ಟಾನಿಕ್ ಎಂಬಂತಾಗುತ್ತದೆ. ಮರಿಯನ್ನು ಅಂಗೈಯಲ್ಲಿ ಹಿಡಿದಾಗ ತಲೆ ಮತ್ತು ಕುತ್ತಿಗೆಯಲ್ಲಿ ಸಣ್ಣನೆಯ, ಬಿಡದ ನಡುಕ ಬೆರಳಿಗೆ ತಾಗಿದರೆ ಅದು ಏವಿಯನ್ ಎನ್‌ಸೆಫಲೋಮಯಲೈಟಿಸ್ ಎಂಬ ವೈರಸ್ ರೋಗ ಇರಬಹುದು. ತಾಯಿಕೋಳಿಯಿಂದ ಮೊಟ್ಟೆಯ ಮೂಲಕ ಬರುವ ಇದಕ್ಕೆ ವಿಟಮಿನ್ನಿನಿಂದ ಪ್ರಯೋಜನವಿಲ್ಲ. ಕುತ್ತಿಗೆ ತಿರುಚಿಕೊಂಡು, ಹಸಿರು ಭೇದಿಯಾಗಿ, ಬಾಯಿ ತೆರೆದು ಉಸಿರಾಡುತ್ತ ಇಡೀ ತಂಡ ಒಮ್ಮೆಲೇ ಕುಸಿದರೆ ಕೊಕ್ಕರೆ ರೋಗವನ್ನು (ರಾಣಿಖೇತ್) ಅನುಮಾನಿಸಬೇಕು. ಎರಡರಿಂದ ನಾಲ್ಕು ವಾರದ ಮರಿ ಓಲಾಡುತ್ತ ಬಿದ್ದು, ತಲೆಯನ್ನು ಹಿಂದಕ್ಕೋ ಪಕ್ಕಕ್ಕೋ ಎಳೆದುಕೊಂಡು ಕಾಲು ಬಡಿಯುತ್ತಿದ್ದರೆ ಅದು ವಿಟಮಿನ್ ಇ ಕೊರತೆಯ ಚಿಹ್ನೆ. ಕಮಟು ಹತ್ತಿದ ಎಣ್ಣೆ ಅಥವಾ ಹಳೆಯ ತೌಡು ಆಹಾರದಲ್ಲಿದ್ದಾಗ ಇದು ಹೆಚ್ಚು. ಕೊಕ್ಕು ಮತ್ತು ಕಾಲಿನ ಮೂಳೆ ರಬ್ಬರಿನಂತೆ ಬಾಗಿದರೆ ವಿಟಮಿನ್ ಡಿ3, ಕ್ಯಾಲ್ಸಿಯಂ, ರಂಜಕ ಈ ಮೂರರಲ್ಲಿ ಒಂದು ತಪ್ಪಿದೆ ಎಂದರ್ಥ. ತಲೆ ಪೂರ್ತಿ ಬೆನ್ನಿನ ಮೇಲಕ್ಕೆ ಬಾಗಿ ಮರಿ ಆಕಾಶ ನೋಡುತ್ತ ಕುಳಿತಿದ್ದರೆ ಅದು ವಿಟಮಿನ್ ಬಿ1 ಕೊರತೆ.

ಆ ಬಿ1 ಕಂಡುಹಿಡಿಯಲು ದಾರಿ ತೋರಿಸಿದ್ದೇ ಕೋಳಿಗಳು ಎಂಬುದನ್ನು ಇಲ್ಲಿ ನೆನೆಯುತ್ತೇನೆ, ಏಕೆಂದರೆ ನಿಮ್ಮ ನುಚ್ಚಿಗೂ ಅದಕ್ಕೂ ಸಂಬಂಧವಿದೆ. 1890ರ ದಶಕದಲ್ಲಿ ಜಾವಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಷ್ ಮಾಡಿದ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡು ಉಳಿದ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಳ್ಳುವುದನ್ನೂ ಗಮನಿಸಿದರು. 1929ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ದೊರೆತದ್ದು ಈ ಕೆಲಸಕ್ಕಾಗಿ. ಗಿರಣಿಯ ನುಚ್ಚು ಅದೇ ಪಾಲಿಷ್ ಅಕ್ಕಿಯ ಚೂರು. ಅದರಲ್ಲಿ ಶಕ್ತಿ ಇದೆ, ವಿಟಮಿನ್ ಇಲ್ಲವೆನ್ನುವಷ್ಟು ಕಡಿಮೆ.

ಚಿಕಿತ್ಸೆಗೆ ಬರೋಣ. ಬೆರಳು ಮಡಚಿದ ಮರಿಗೆ ದಿನಕ್ಕೆ 100 ಮೈಕ್ರೋಗ್ರಾಂ ರೈಬೋಫ್ಲೇವಿನ್ ಸತತ ಎರಡು ದಿನ ಸಿಕ್ಕರೆ ಸಾಕು, ಆಮೇಲಿನದನ್ನು ಆಹಾರ ಪೂರೈಸಬೇಕು. 10 ಮಿಲಿಗ್ರಾಂ ರೈಬೋಫ್ಲೇವಿನ್ ಇರುವ ಒಂದು ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ 100 ಮಿ.ಲೀ. ನೀರಿನಲ್ಲಿ ಕದಡಿದರೆ ಪ್ರತಿ ಮಿ.ಲೀ.ಗೆ ಸರಿಯಾಗಿ 100 ಮೈಕ್ರೋಗ್ರಾಂ ಬರುತ್ತದೆ. ರೈಬೋಫ್ಲೇವಿನ್ ನೀರಿನಲ್ಲಿ ಚೆನ್ನಾಗಿ ಕರಗದೆ ಹಳದಿ ಗಸಿಯಾಗಿ ತಳಕ್ಕೆ ಇಳಿಯುವುದರಿಂದ ಪ್ರತಿ ಸಲ ಅಲುಗಾಡಿಸಿಯೇ ಡ್ರಾಪರ್‌ಗೆ ಎಳೆದುಕೊಳ್ಳಿ. ಕೊಕ್ಕಿನ ಪಕ್ಕದಿಂದ ಹನಿಹನಿಯಾಗಿ, ಮರಿ ನುಂಗುವುದನ್ನು ಕಾದು ಬಿಡಿ. ಒಮ್ಮೆಲೇ ಸುರಿದರೆ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಹೊಸದಾಗಿ ಬಿದ್ದ ಮರಿಗಳು ಕೆಲವೇ ದಿನಗಳಲ್ಲಿ ಪಾದ ಊರಿ ನಿಲ್ಲುತ್ತವೆ. ನರ ಬಹಳ ಹಾಳಾಗಿರುವ ಮರಿಗಳು ಸರಿಹೋಗುವುದಿಲ್ಲ. ಆದ್ದರಿಂದ ಇದನ್ನು ನಾಳೆಗೆ ಮುಂದೂಡಬೇಡಿ.

ಒಂದೆರಡು ಮರಿ ಸತ್ತರೆ ಹೂಳುವ ಮುನ್ನ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಫ್ರೀಜರ್‌ನಲ್ಲಿ ಗಟ್ಟಿಯಾಗಿಸದೆ, ಹತ್ತಿರದ ಪ್ರಯೋಗಾಲಯಕ್ಕೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಮರಣೋತ್ತರ ಪರೀಕ್ಷೆಗೆ ತಲುಪಿಸಿ. ನಾನು ದೂರದಲ್ಲಿ ಕುಳಿತು ಹೇಳಿದ್ದಕ್ಕಿಂತ ಆ ನರವನ್ನು ಕಣ್ಣಾರೆ ನೋಡಿದವರ ಮಾತು ಹೆಚ್ಚು.

ಉತ್ತರ: ಕೋಳಿ ಆಹಾರ ತಯಾರಿಕೆಯಲ್ಲಿರುವವರು, ದಾವಣಗೆರೆ

ವೈದ್ಯರು ರೋಗದ ಬಗ್ಗೆ ಹೇಳಿದ್ದಾರೆ; ನಾನು ಆಹಾರದ ಲೆಕ್ಕವನ್ನಷ್ಟೇ ಬರೆಯುತ್ತೇನೆ. ಮೆಕ್ಕೆಜೋಳದಲ್ಲಿ ಕೆ.ಜಿ.ಗೆ ಸುಮಾರು 1 ಮಿಲಿಗ್ರಾಂ, ಸೋಯಾ ಹಿಂಡಿಯಲ್ಲಿ ಸುಮಾರು 3 ಮಿಲಿಗ್ರಾಂ ರೈಬೋಫ್ಲೇವಿನ್ ಇರುತ್ತದೆ. ನಿಮ್ಮ ಮಿಶ್ರಣದ ಒಂದು ಕೆ.ಜಿ.ಯಲ್ಲಿ ಜೋಳದಿಂದ 0.6, ಹಿಂಡಿಯಿಂದ 0.9, ನುಚ್ಚಿನಿಂದ ಲೆಕ್ಕಕ್ಕೆ ಬಾರದಷ್ಟು. ಒಟ್ಟು ಒಂದೂವರೆ ಮಿಲಿಗ್ರಾಂ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಪ್ರಕಟಿಸಿದ, ಇಂದಿಗೂ ಎಲ್ಲರೂ ಆಧಾರವಾಗಿ ಹಿಡಿಯುವ ಪಟ್ಟಿಯ ಪ್ರಕಾರ ಎಳೆಯ ಮರಿಗೆ ಬೇಕಾದ ಕನಿಷ್ಠ ಪ್ರಮಾಣ ಕೆ.ಜಿ.ಗೆ 3.6 ಮಿಲಿಗ್ರಾಂ. ಅರ್ಧಕ್ಕಿಂತಲೂ ಕಡಿಮೆ ಸಿಕ್ಕಿದೆ. ಮಿಶ್ರಣದಲ್ಲಿ ಸಸಾರಜನಕ ಚೆನ್ನಾಗಿಯೇ ಇರುವುದರಿಂದ ಮರಿ ಬೆಳೆಯುತ್ತದೆ, ಬೆಳೆದಷ್ಟೂ ಈ ಕೊರತೆ ಎದ್ದು ಕಾಣುತ್ತದೆ.

ಇಲ್ಲಿ ನಿಜವಾದ ಎಡವಟ್ಟು ಹಸುವಿನ ಖನಿಜ ಮಿಶ್ರಣದಲ್ಲಿದೆ. ಹಳ್ಳಿಗಳಲ್ಲಿ ಅನೇಕರು "ಮಿಕ್ಸ್ಚರ್ ಹಾಕಿದ್ದೇವಲ್ಲ" ಎಂದು ನೆಮ್ಮದಿಯಿಂದ ಇರುವುದನ್ನು ನೋಡಿದ್ದೇನೆ. ಹಸುವಿನ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಬಿ ಗುಂಪಿನ ವಿಟಮಿನ್‌ಗಳನ್ನು ತಾವೇ ತಯಾರಿಸಿ ಕೊಡುವುದರಿಂದ ಹಸುವಿನ ಖನಿಜ ಮಿಶ್ರಣದಲ್ಲಿ ಅವನ್ನು ಸೇರಿಸುವ ಅಗತ್ಯ ಬೀಳುವುದಿಲ್ಲ. ಕೋಳಿಮರಿಗೆ ಅಂಥ ಹೊಟ್ಟೆ ಇಲ್ಲ. ದಿನದಿನವೂ ಆಹಾರದಿಂದಲೇ ಬರಬೇಕು. ಖನಿಜ ಬೇರೆ, ವಿಟಮಿನ್ ಬೇರೆ. ಚೀಲದ ಮೇಲಿನ ಪಟ್ಟಿಯಲ್ಲಿ ಕ್ಯಾಲ್ಸಿಯಂ, ರಂಜಕ, ತಾಮ್ರ, ಸತು ಎಂದಷ್ಟೇ ಇದ್ದರೆ ಅದರಿಂದ ವಿಟಮಿನ್ ಸಿಗುವುದಿಲ್ಲ.

ನಿಮಗೆ ಬೇಕಾಗಿರುವುದು ಕೋಳಿ ಆಹಾರದ ಅಂಗಡಿಗಳಲ್ಲಿ ಎಬಿ2ಡಿ3ಕೆ ಎಂದೇ ಕೇಳಿ ಪಡೆಯಬಹುದಾದ ಪುಡಿ. ಸಾಮಾನ್ಯವಾಗಿ ಸಿಗುವ ಒಂದು ಬಗೆಯಲ್ಲಿ ಪ್ರತಿ ಗ್ರಾಂಗೆ ವಿಟಮಿನ್ ಎ 82,500 ಯೂನಿಟ್, ಬಿ2 50 ಮಿಲಿಗ್ರಾಂ, ಡಿ3 12,000 ಯೂನಿಟ್, ಕೆ 10 ಮಿಲಿಗ್ರಾಂ ಇರುತ್ತದೆ. ಇದನ್ನು ಕ್ವಿಂಟಾಲಿಗೆ 10 ಗ್ರಾಂ ಸೇರಿಸಿದರೆ ಆಹಾರದ ಪ್ರತಿ ಕೆ.ಜಿ.ಗೆ 5 ಮಿಲಿಗ್ರಾಂ ಬಿ2 ಬಂದಂತಾಯಿತು. ಇದರ ಜೊತೆಗೆ ಬಿ1, ಬಿ6, ಬಿ12, ನಿಯಾಸಿನ್, ಪ್ಯಾಂಟೋಥೆನೇಟ್, ಇ ಇರುವ ಇನ್ನೊಂದು ಪುಡಿಯನ್ನೂ ಚೀಟಿಯಲ್ಲಿ ಬರೆದಿರುವ ಪ್ರಮಾಣದಲ್ಲಿ ಹಾಕಬೇಕು. ಖನಿಜ ಮಿಶ್ರಣವನ್ನೂ ಕೋಳಿಗೆಂದೇ ತಯಾರಿಸಿದ್ದಕ್ಕೆ ಬದಲಿಸಿ. ಮ್ಯಾಂಗನೀಸ್ ಸಾಲದಿದ್ದರೆ ಹಿಂಗಾಲಿನ ಗೆಣ್ಣಿನ ಸ್ನಾಯುರಜ್ಜು ಜಾರಿ ಕಾಲು ಸೊಟ್ಟಗಾಗುತ್ತದೆ, ಆ ಕಾಲನ್ನು ಮತ್ತೆ ನೇರ ಮಾಡಲಾಗುವುದಿಲ್ಲ.

ನೂರು ಕೆ.ಜಿ.ಯಲ್ಲಿ ಹತ್ತು ಗ್ರಾಂ ಪುಡಿಯನ್ನು ಸಮನಾಗಿ ಹರಡುವುದು ಕೈಮಿಶ್ರಣದಲ್ಲಿ ಬಹಳ ಕಷ್ಟ, ಮತ್ತು ಹೆಚ್ಚಿನವರ ಶ್ರಮ ವ್ಯರ್ಥವಾಗುವುದು ಇಲ್ಲಿಯೇ. ಪುಡಿಯನ್ನು ನೇರವಾಗಿ ರಾಶಿಯ ಮೇಲೆ ಎರಚಬೇಡಿ. ಮೊದಲು ಅರ್ಧ ಕೆ.ಜಿ. ಜೋಳದ ಹಿಟ್ಟಿನೊಂದಿಗೆ ಡಬ್ಬಿಯಲ್ಲಿ ಹಾಕಿ ಚೆನ್ನಾಗಿ ಕುಲುಕಿ. ಅದನ್ನು ಐದು ಕೆ.ಜಿ. ಹಿಟ್ಟಿಗೆ ಬೆರೆಸಿ; ಆ ಐದು ಕೆ.ಜಿ.ಯನ್ನು ರಾಶಿಯ ಮೇಲೆ ತೆಳುವಾಗಿ ಹರಡಿ, ಸಲಿಕೆಯಿಂದ ರಾಶಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಪೂರ್ತಿಯಾಗಿ ಮಗುಚಿ, ಮತ್ತೆ ಹಿಂದಕ್ಕೆ ಮಗುಚಿ. ಎಬಿ2ಡಿ3ಕೆ ಪುಡಿಯ ಹಳದಿ ಛಾಯೆ ಡಬ್ಬಿಯ ಹಿಟ್ಟಿನಲ್ಲಿ ಎಳೆಎಳೆಯಾಗಿ ಕಾಣದೆ ಒಂದೇ ಸಮ ಆಗುವವರೆಗೂ ಕುಲುಕಬೇಕು.

ವಿಟಮಿನ್ ಪುಡಿಯನ್ನು ಖನಿಜ ಮಿಶ್ರಣದೊಂದಿಗೋ ಕೋಲಿನ್ ಕ್ಲೋರೈಡ್ ಎಂಬ ಆಹಾರ ಪೂರಕದೊಂದಿಗೋ ಮೊದಲೇ ಬೆರೆಸಿ ತಿಂಗಳುಗಟ್ಟಲೆ ಇಡಬೇಡಿ. ತಾಮ್ರ, ಕಬ್ಬಿಣ, ತೇವಾಂಶ ಮೂರೂ ಸೇರಿದರೆ ಸತ್ವ ಹಾಳಾಗುತ್ತದೆ. ಬೆರೆಸಿದ ಆಹಾರವನ್ನು ಮಳೆಗಾಲದಲ್ಲಿ ಎರಡು ಮೂರು ವಾರಕ್ಕೆ ಮುಗಿಯುವಷ್ಟೇ ತಯಾರಿಸಿಕೊಳ್ಳುವುದು ಕ್ಷೇಮ. ಬಿ2 ಬಿಸಿಗೆ ಅಷ್ಟಾಗಿ ಕೆಡುವುದಿಲ್ಲ, ಬೆಳಕಿಗೆ ಕೆಡುತ್ತದೆ. ಟಾನಿಕ್ ಹಾಕಿದ ಪಾರದರ್ಶಕ ಡ್ರಿಂಕರ್ ಬಿಸಿಲಿನಲ್ಲಿದ್ದರೆ ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಬಣ್ಣದ ನೀರು ಮಾತ್ರ ಉಳಿದಿರಬಹುದು.

ಉತ್ತರ: ಹಿತ್ತಲಲ್ಲಿ ನಾಟಿ ಕೋಳಿ ಸಾಕುವವರು, ಹಾಸನ

ಇಬ್ಬರ ಮಾತಿಗೂ ನನ್ನ ಅನುಭವದ ಎರಡು ಮಾತು ಸೇರಿಸುತ್ತೇನೆ. ಬಿದ್ದ ಮರಿಗಳು ಕೊರತೆಯಿಂದ ಸಾಯುವುದಕ್ಕಿಂತ ಹಸಿವು, ಬಾಯಾರಿಕೆ ಮತ್ತು ಇತರ ಮರಿಗಳ ತುಳಿತದಿಂದ ಸಾಯುವುದೇ ಹೆಚ್ಚು. ಔಷಧಿ ಹಾಕಿ ಅದೇ ಗುಂಪಿಗೆ ಬಿಟ್ಟರೆ ಅವು ಡ್ರಿಂಕರ್ ತಲುಪುವುದೇ ಇಲ್ಲ. ಅವನ್ನು ಬೇರೆ ರಟ್ಟಿನ ಪೆಟ್ಟಿಗೆಗೆ ಹಾಕಿ, ತಳಕ್ಕೆ ಜಾರುವ ಪೇಪರ್ ಬದಲು ಗೋಣಿತಟ್ಟು ಅಥವಾ ಒಣ ಭತ್ತದ ಹೊಟ್ಟು ಹಾಸಿ, ಆಹಾರವನ್ನು ಚಪ್ಪಟೆ ಮುಚ್ಚಳದಲ್ಲಿ, ನೀರನ್ನು ಕುಳಿತಲ್ಲೇ ಕೊಕ್ಕಿಗೆ ಎಟಕುವಷ್ಟು ತಗ್ಗಿನಲ್ಲಿ ಇಡಿ. ಎರಡನೇ ವಾರದಲ್ಲಿ 32 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು ಬೇಕು. ಶಿರಾ ಸೀಮೆಯಲ್ಲಿ ಹಗಲು ಎಷ್ಟೇ ಬಿಸಿಲಿದ್ದರೂ ಬೆಳಗಿನ ಜಾವದ ಚಳಿಗೆ ಬಲ್ಬು ಉರಿಯುತ್ತಿರಲಿ.

ನಮ್ಮ ಕಡೆ ಹಿರಿಯರು ಮರಿಗಳಿಗೆ ಮಜ್ಜಿಗೆ ಇಡುತ್ತಿದ್ದರು. ಹಸುವಿನ ಹಾಲಿನಲ್ಲಿ ಲೀಟರಿಗೆ ಒಂದೂವರೆ, ಎರಡು ಮಿಲಿಗ್ರಾಂನಷ್ಟು ಬಿ2 ಇರುತ್ತದೆಂದು ಓದಿದ ಮೇಲೆ ಆ ಪದ್ಧತಿಯ ಬಗ್ಗೆ ನನ್ನ ಗೌರವ ಹೆಚ್ಚಿತು. ನೀರು ಹೆಚ್ಚು ಬೆರೆಸದ ಮಜ್ಜಿಗೆಯನ್ನು ಬೆಳಿಗ್ಗೆ ಒಂದೆರಡು ಗಂಟೆ ಇಟ್ಟು ತೆಗೆದುಬಿಡಿ. ಇಡೀ ದಿನ ಇಟ್ಟರೆ ಡ್ರಿಂಕರಿನ ಅಂಚಿಗೆ ಲೋಳೆ ಕಟ್ಟುತ್ತದೆ, ಹೊಟ್ಟು ಒದ್ದೆಯಾಗುತ್ತದೆ. ಇದು ಔಷಧಿಗೆ ಬದಲಿಯಲ್ಲ. ಮನೆಯಲ್ಲಿ ಹಸುವಿದ್ದು ಮರಿ ಕೆಲವೇ ಇದ್ದರೆ ಸುಲಭವಾಗಿ ಮಾಡಬಹುದಾದ ಕೆಲಸ.

ತಾಯಿಕೋಳಿಗಳನ್ನು ಜಾಲರಿಯಲ್ಲಿ ಕೂಡಿದ್ದೀರಿ ಎಂಬುದನ್ನು ಓದಿದಾಗಲೇ ನನಗೆ ಅನುಮಾನ ಬಂತು. ಹೊರಗೆ ಮೇಯುವಾಗ ಅವು ಗರಿಕೆ, ಎಳೆ ಸೊಪ್ಪು, ಗೆದ್ದಲು, ಹುಳ ತಿಂದು ನಮ್ಮ ಆಹಾರದ ಕೊರತೆಯನ್ನು ತಾವೇ ತುಂಬಿಕೊಳ್ಳುತ್ತವೆ. ಕೂಡಿದ ಮೇಲೆ ಆ ಜವಾಬ್ದಾರಿ ಪೂರ್ತಿ ನಮ್ಮದೇ. ದಿನವೂ ನುಗ್ಗೆಸೊಪ್ಪು, ಕುದುರೆಮಸಾಲೆ ಸೊಪ್ಪು ಅಥವಾ ಅಗಸೆಸೊಪ್ಪಿನ ಕಟ್ಟನ್ನು ಜಾಲರಿಗೆ ನೇತುಹಾಕಿ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಸಾರೆ ಧನ್ಯವಾದಗಳು. ವೈದ್ಯರು ಹೇಳಿದಂತೆ ಡ್ರಾಪರ್‌ನಲ್ಲಿ ಕೊಟ್ಟ ಮೇಲೆ ತಡವಾಗಿ ಬಿದ್ದಿದ್ದ ಮರಿಗಳಲ್ಲಿ ಬಹುಪಾಲು ಪಾದ ಬಿಡಿಸಿ ನಿಂತಿವೆ. ಮೊದಲು ಬಿದ್ದವುಗಳಲ್ಲಿ ಕೆಲವು ಇನ್ನೂ ಹಾಗೆಯೇ ಇವೆ. ಆಹಾರಕ್ಕೆ ಎಬಿ2ಡಿ3ಕೆ ಮತ್ತು ಬಿ ಗುಂಪಿನ ಪುಡಿ ಸೇರಿಸಿದ್ದೇವೆ.

ಈಗ ಇನ್ನೊಂದು ಆತಂಕ ಎದುರಾಗಿದೆ. ನಿನ್ನೆಯಿಂದ ಒಂದೆರಡು ಕಡೆ ಹಿಕ್ಕೆಯಲ್ಲಿ ರಕ್ತ ಕಾಣುತ್ತಿದೆ. ಸ್ಥಳೀಯ ಪಶು ಆಸ್ಪತ್ರೆಯಲ್ಲಿ ರಕ್ತಭೇದಿ ಎಂದು ಹೇಳಿ ನೀರಿಗೆ ಹಾಕಲು ಆಂಪ್ರೋಲಿಯಂ ಬರೆದುಕೊಟ್ಟಿದ್ದಾರೆ. ಅಂಗಡಿಯ ಟಾನಿಕ್ ಅನ್ನೂ ಅದೇ ನೀರಿಗೆ ಸೇರಿಸಿ ಕೊಡಬಹುದೇ? ಒಡೆಯದ ಮೊಟ್ಟೆಗಳ ಬಗ್ಗೆಯೂ ಒಂದು ಮಾತು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಪಶುವೈದ್ಯ, ಮೈಸೂರು

ಸೇರಿಸಬೇಡಿ. ಆಂಪ್ರೋಲಿಯಂ ಅಣುವಿನ ರಚನೆ ವಿಟಮಿನ್ ಬಿ1ರಂತೆಯೇ ಇರುತ್ತದೆ. ಕರುಳಿನಲ್ಲಿರುವ ರಕ್ತಭೇದಿಯ ಪರಾವಲಂಬಿ ತಾನು ಬೆಳೆಯಲು ಬಿ1 ಹೀರಿಕೊಳ್ಳುವ ದಾರಿಯನ್ನು ಈ ಔಷಧಿ ಅಡ್ಡಗಟ್ಟುತ್ತದೆ. ಅದು ಕೆಲಸ ಮಾಡುವುದೇ ಹೀಗೆ. ಅದೇ ನೀರಿನಲ್ಲಿ ಬಿ1 ಹೇರಳವಾಗಿರುವ ಟಾನಿಕ್ ಹಾಕಿದರೆ ಪರಾವಲಂಬಿಗೆ ಊಟ ಬಡಿಸಿದಂತಾಗಿ ಔಷಧಿಯ ಬಲ ಕುಗ್ಗುತ್ತದೆ. ಹಾಗೆಂದು ಆಂಪ್ರೋಲಿಯಂ ಅನ್ನು ಅಳತೆ ಮೀರಿ ಅಥವಾ ಹೇಳಿದ ಅವಧಿ ಮೀರಿ ಕೊಟ್ಟರೆ ಮರಿಗೇ ಬಿ1 ಕೊರತೆಯಾಗಿ ತಲೆ ಹಿಂದಕ್ಕೆ ಬಾಗುತ್ತದೆ. ಸಾಮಾನ್ಯ ಪ್ರಮಾಣ ನೀರಿನಲ್ಲಿ 0.012 ಶೇಕಡಾ, 20 ಶೇಕಡಾ ಪುಡಿಯಾದರೆ ಲೀಟರಿಗೆ 0.6 ಗ್ರಾಂ, ಮೂರರಿಂದ ಐದು ದಿನ. ನಿಮ್ಮ ವೈದ್ಯರು ಬರೆದ ಚೀಟಿಯೊಂದಿಗೆ ಹೋಲಿಸಿ ನೋಡಿ, ಅವರು ಹೆಚ್ಚು ಬರೆದಿದ್ದರೆ ಅದಕ್ಕೆ ಕಾರಣವಿರಬಹುದು, ಅವರನ್ನೇ ಕೇಳಿ. ಆ ದಿನಗಳಲ್ಲಿ ಟಾನಿಕ್ ನಿಲ್ಲಿಸಿ, ಆಹಾರದಲ್ಲಿರುವ ಪ್ರಮಾಣ ಹಾಗೆಯೇ ಇರಲಿ. ಅದು ದೈನಂದಿನ ಅಗತ್ಯವಷ್ಟೇ. ಇನ್ನೂ ಏಳದ ಮರಿಗಳಿಗೆ ಬಿ2 ಮಾತ್ರ ಇರುವ ಮಾತ್ರೆಯನ್ನು ಡ್ರಾಪರ್‌ನಲ್ಲಿ ಮತ್ತೊಮ್ಮೆ ಕೊಡಲು ಅಡ್ಡಿಯಿಲ್ಲ, ಬಿ-ಕಾಂಪ್ಲೆಕ್ಸ್ ಬೇಡ.

ರಕ್ತ ನಿಂತ ಮೇಲೆ ಎ ಮತ್ತು ಕೆ ವಿಟಮಿನ್‌ಗಳನ್ನು ಕೆಲವು ದಿನ ಕೊಟ್ಟರೆ ಗಾಯಗೊಂಡ ಕರುಳಿನ ಒಳಪದರ ಸುಧಾರಿಸಿಕೊಳ್ಳಲು ಸಹಾಯವಾಗುತ್ತದೆ. ಮುಂದೆಂದಾದರೂ ಸಲ್ಫಾ ಔಷಧಿ ಬಳಸಬೇಕಾಗಿ ಬಂದರೆ ಕೆ ವಿಟಮಿನ್ ಬಗ್ಗೆ ಇನ್ನಷ್ಟು ಎಚ್ಚರವಿರಲಿ; ಆ ಔಷಧಿಗಳು ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸಬಲ್ಲವು. ಒದ್ದೆಯಾದ ಹೊಟ್ಟನ್ನು ಇಂದೇ ತೆಗೆಸಿ. ಡ್ರಿಂಕರ್ ಸುತ್ತ ಒಂದು ಮೊಳದಷ್ಟು ಜಾಗ ಯಾವಾಗಲೂ ಮುದ್ದೆಯಾಗಿರುತ್ತದೆ, ರಕ್ತಭೇದಿ ಅಲ್ಲಿಂದಲೇ ಹರಡುತ್ತದೆ.

ಟಾನಿಕ್ ಎಲ್ಲಿಯವರೆಗೆ ಎಂದು ಮೊದಲೇ ಕೇಳಿದ್ದಿರಿ. ಆಹಾರ ಸರಿಯಾದ ಮೇಲೆ ದಿನವೂ ಬೇಕಿಲ್ಲ. ಲಸಿಕೆಯ ಹಿಂದುಮುಂದಿನ ದಿನ, ಸಾಗಾಟ, ಬೇಸಿಗೆಯ ಉರಿ ಇಂಥ ಸಂದರ್ಭಗಳಲ್ಲಿ ಎರಡು ಮೂರು ದಿನ ಕೊಟ್ಟರೆ ಸಾಕು. ಲಸಿಕೆ ಬೆರೆಸಿದ ನೀರಿಗೆ ಮಾತ್ರ ಬೇರೇನನ್ನೂ ಹಾಕಬಾರದು, ಕೆನೆ ತೆಗೆದ ಹಾಲಿನ ಪುಡಿಯನ್ನು ಬಿಟ್ಟು. ಎ ಮತ್ತು ಡಿ3 ದೇಹದಲ್ಲಿ ಶೇಖರವಾಗುವಂಥವು. ಆಹಾರದಲ್ಲೂ ನೀರಿನಲ್ಲೂ ತಿಂಗಳುಗಟ್ಟಲೆ ಹಾಕುತ್ತ ಹೋದರೆ, ಡಿ3 ಮಿತಿಮೀರಿ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುತ್ತದೆ.

ಒಡೆಯದ ಮೊಟ್ಟೆಗಳನ್ನು ಎಸೆಯುವ ಮುನ್ನ ತೆರೆದು ನೋಡಿ. ಮರಿ ಅರ್ಧ ಬೆಳೆದು ಸತ್ತಿದ್ದು, ಗಾತ್ರ ಕುಗ್ಗಿ, ಮೈಮೇಲಿನ ನವಿರು ಬಿಡಿಸಿಕೊಳ್ಳದೆ ತುದಿಯಲ್ಲಿ ಸುತ್ತಿಕೊಂಡು ಗಂಟುಗಂಟಾಗಿದ್ದರೆ ಅದು ತಾಯಿಕೋಳಿಯ ಆಹಾರದಲ್ಲೇ ಬಿ2 ಸಾಲದಿರುವುದರ ಗುರುತು. ಆಗ ಮರಿ ಹುಟ್ಟುವಾಗಲೇ ದೇಹದಲ್ಲಿ ದಾಸ್ತಾನಿಲ್ಲದೆ ಹುಟ್ಟುತ್ತದೆ. ಹಳದಿಯಲ್ಲಿ ಉಳಿದಿರುವ ಸತ್ವ ಮೊದಲ ಕೆಲವು ದಿನಗಳಿಗೆ ಮುಗಿದುಹೋಗಿ, ನೀವು ಬರೆದಂತೆ ಎರಡನೇ ವಾರಕ್ಕೆ ಬೀಳುತ್ತದೆ. ಮೊಟ್ಟೆಗೆ ಸೇರುವ ಬಿ2 ಕೋಳಿಯ ಆಹಾರ ಬದಲಾದ ಒಂದೆರಡು ವಾರದಲ್ಲೇ ಸರಿದಾರಿಗೆ ಬರುತ್ತದೆ. ಆದ್ದರಿಂದ ತಾಯಿಕೋಳಿಗಳಿಗೂ ಪುಡಿ ಸೇರಿಸಿದ ಆಹಾರ ಕೊಡಲು ಆರಂಭಿಸಿ, ಮೂರು ವಾರ ಕಳೆದ ಮೇಲೆ ಇಟ್ಟ ಮೊಟ್ಟೆಗಳನ್ನೇ ಇನ್‌ಕ್ಯುಬೇಟರ್‌ಗೆ ಹಾಕಿ. ಅಲ್ಲಿಯವರೆಗಿನ ಮೊಟ್ಟೆಗಳನ್ನು ಮಾರಾಟಕ್ಕೋ ಮನೆಯ ಅಡುಗೆಗೋ ಬಳಸಿಕೊಳ್ಳಿ.